ಮೇಸ್ತ್ರಿಯ ಪಕ್ಕ ನಿಂತ ಹುಡುಗ

ಯವ್ವಾ,

ಹೋದ ಭಾನುವಾರ ಫೋನಿನಲ್ಲಿ ನಿನ್ನ ದನಿ ಒಡೆದದ್ದು ನಿಮ್ಮವ್ವನಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. “ಅಪ್ಪಾ, ನಾ ಕನ್ನಡದಾಗ ಕೇಳಿದರ ಅಂವ ಪೋರ್ತುಗೀಜಿನ್ಯಾಗ ಉತ್ತರಾ ಕೊಡತಾನ. ಇನ್ನ ಎರಡು ವರ್ಷಕ್ಕ ಅದೂ ನಿಂತು ಹೋಗತೈತಿ” ಎಂದೆ. ಅಷ್ಟರಲ್ಲಿ ನಿಮ್ಮವ್ವ ನಡುವೆ ಬಾಯಿ ಹಾಕಿದಳು, ಆಮೇಲೆ ನೆಟ್‌ವರ್ಕ್ ಹೋಯಿತು. ಅದಕ್ಕೇ ಬರೆಯಲು ಕುಳಿತೆ. ಪೆನ್ನು ಹಿಡಿದರೆ ನನಗೆ ಸಾಲಿಯಲ್ಲಿ ಕಲಿತ ಕನ್ನಡವೇ ಬರುತ್ತದೆ, ಕಟ್ಟೆಯ ಮೇಲೆ ಕುಳಿತು ಆಡುವ ಮಾತು ಬರುವುದಿಲ್ಲ. ಓದುವಾಗ ನೀನೇ ನನ್ನ ದನಿ ಸೇರಿಸಿಕೋ.

ಮೊದಲು ಒಂದು ಮಾತು. ನಿನ್ನ ಮಗನಿಗೆ ಪೋರ್ತುಗೀಜ್ ಬರುತ್ತಿದೆ ಎಂದು ಹೆದರಬೇಡ. ಅವನು ನಾಲ್ಕು ವರ್ಷದವನು, ಲಿಸ್ಬನ್ನಿನಲ್ಲಿ ಆಡುತ್ತಾನೆ, ಬೀಳುತ್ತಾನೆ, ಜಗಳ ಮಾಡುತ್ತಾನೆ. ಅದು ಅವನ ಓಣಿಯ ಮಾತು, ಚೆನ್ನಾಗಿಯೇ ಬರಬೇಕು. ಇಲ್ಲಿ ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಖೋಲಿಗಳಲ್ಲಿ ಬಿಹಾರದಿಂದ, ಒಡಿಶಾದಿಂದ ದುಡಿಯಲು ಬಂದವರ ಮಕ್ಕಳಿದ್ದಾರೆ. ಬಂದ ಆರು ತಿಂಗಳಿಗೆ ನಮ್ಮ ಹುಡುಗರ ಜೊತೆ ಗೋಲಿ ಆಡುತ್ತ “ಏ, ನಂದ್ ಔಟ್ ಅಲ್ಲಲೇ!” ಎಂದು ಕೂಗುತ್ತವೆ. ಅವ್ವ ಒಳಗಿನಿಂದ ಕರೆದರೆ ಅದೇ ಬಾಯಿ ಮನೆಮಾತಿಗೆ ತಿರುಗುತ್ತದೆ. ಆ ತಾಯಂದಿರು ಯಾರೂ ಇದಕ್ಕೆ ಅತ್ತದ್ದು ನಾನು ಕಂಡಿಲ್ಲ. ಅವರಿಗೆ ಬೇರೆ ಚಿಂತೆಗಳಿವೆ ಅನ್ನು. ಆದರೆ ಒಂದು ಗಮನಿಸಿದೆ. ಅವರು ಮಗುವಿನ ಜೊತೆ ತಮ್ಮ ಮಾತನ್ನು ಬಿಟ್ಟು ಬೇರೆ ಆಡಲು ಬಾರದವರು. ಬೇರೆ ದಾರಿ ಇಲ್ಲದ್ದಕ್ಕೇ ಮನೆಯ ಮಾತು ಉಳಿದಿದೆ. ನಿನಗೂ ನಿನ್ನ ಗಂಡನಿಗೂ ಇಂಗ್ಲಿಷ್ ಬರುತ್ತದೆ, ಈಗ ಪೋರ್ತುಗೀಜೂ ಅಷ್ಟಿಷ್ಟು ಬರುತ್ತದೆ. ಅಮ್ಮನಿಗೆ ಎಲ್ಲ ತಿಳಿಯುತ್ತದೆ ಎಂದು ಹುಡುಗನಿಗೆ ಗೊತ್ತು. ಮತ್ತೆ ಅವನು ಯಾಕೆ ಕಷ್ಟಪಡಬೇಕು?

ಆ ಪೋರ್ತುಗೀಜೂ ನಮಗೆ ಪೂರಾ ಪರಕೀಯವಲ್ಲ. ಅಲ್ಲಿ ಅಂಗಡಿಯಲ್ಲಿ ನೀನು ಬತಾತಾ ಕೊಂಡರೆ ಅದು ನಮ್ಮ ಬಟಾಟಿ. ಬಾಗಿಲಿಗೆ ಹಾಕುವ ಶಾವ್, ನಮ್ಮ ಚಾವಿ. ಪಾವ್ ಅಂತೂ ಹೇಳುವುದೇ ಬೇಡ. ಹಣ ಕೊಡುವುದಕ್ಕೆ ಅವರು ಪಗಾರ್ ಎನ್ನುತ್ತಾರಂತೆ. ನಾನು ಜೀವನವಿಡೀ ತಿಂಗಳ ಏಳನೇ ತಾರೀಖು ಕಾದದ್ದು ಅದಕ್ಕೇ. ಎಪಿಎಂಸಿಯಲ್ಲಿ ಮೆಣಸಿನಕಾಯಿ ಲಿಲಾವಿಗೆ ಇಡುತ್ತಾರಲ್ಲ, ಆ ಲಿಲಾವೂ ಅವರದೇ. ನಿನ್ನ ಮಗನಿಗೆ ಇದನ್ನು ಆಟವಾಗಿ ಹೇಳು, ಅವನ ಸಾಲಿಯ ಮಾತು ಅಜ್ಜನ ಮನೆಯಲ್ಲಿ ಬಟ್ಟೆ ಬದಲಿಸಿ ಕುಳಿತಿದೆ ಎಂದು. ಎರಡು ಮನೆಗಳಿಗೂ ನಡುವೆ ಒಂದು ಬಾಗಿಲಿದೆ ಎಂದು ಅವನಿಗೆ ಅನಿಸಲಿ.

ಇವೆಲ್ಲ ಗೋವೆಯಿಂದ ಬಂದವು. ನಿಮ್ಮಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದರಲ್ಲ, ಕ್ಯಾಸಲ್‌ರಾಕ್‌ವರೆಗೆ ನಮ್ಮ ದೇಶ, ಘಟ್ಟ ಇಳಿದರೆ ಪೋರ್ತುಗೀಜರ ದೇಶ, ನಡುವೆ ಕಸ್ಟಮ್ಸಿನವರು ಗಂಟು ಬಿಚ್ಚಿಸುತ್ತಾರೆ ಎಂದು ಹೇಳುತ್ತಿದ್ದರು. 1961ರ ಡಿಸೆಂಬರಿನವರೆಗೂ ಗೋವೆ ಪೋರ್ತುಗೀಜರದೇ ಆಗಿತ್ತು. ಆ ಗೋವೆಯ ಕತೆಯಲ್ಲಿ ನಿನ್ನಂಥ ತಾಯಂದಿರಿಗೆ ಬೇಕಾದದ್ದು ಒಂದಿದೆ. 1510ರಿಂದ 450 ವರ್ಷ ಅಲ್ಲಿ ಪೋರ್ತುಗೀಜರ ಆಳ್ವಿಕೆ. 1684ರಲ್ಲಿ ಅಲ್ಲಿನ ವೈಸರಾಯ್ ಒಂದು ಹುಕುಂ ಹೊರಡಿಸಿದ: ಮೂರು ವರ್ಷದೊಳಗೆ ಜನ ಕೊಂಕಣಿ ಬಿಟ್ಟು ಪೋರ್ತುಗೀಜ್ ಮಾತಾಡಬೇಕು. ಏನಾಯಿತು? ಕಚೇರಿ, ಸಾಲಿ, ನೌಕರಿ ಎಲ್ಲ ಪೋರ್ತುಗೀಜಿನ ಕೈಯಲ್ಲಿತ್ತು. ಕೊಂಕಣಿಯ ಕೈಯಲ್ಲಿ ಇದ್ದದ್ದು ಅಡುಗೆಮನೆ, ಮೀನು ಮಾರುಕಟ್ಟೆ, ತೊಟ್ಟಿಲು. 1961ರಲ್ಲಿ ಆಳುವವರು ಹೋದರು. ಒಂದೆರಡು ತಲೆಮಾರಿನಲ್ಲಿ ಪೋರ್ತುಗೀಜ್ ಕೆಲವು ಮನೆಗಳ ಹಿರಿಯರಿಗಷ್ಟೇ ಉಳಿಯಿತು. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು. ಪೋರ್ತುಗೀಜರ ಕಾಲದಲ್ಲಿ ಗೋವೆ ಬಿಟ್ಟು ಓಡಿಬಂದವರ ಮನೆಗಳು ಮಂಗಳೂರು, ಕುಮಟಾ, ಶಿರಸಿಗಳಲ್ಲಿ ಇಂದಿಗೂ ಇವೆ. ನಾಲ್ಕು ನೂರು ವರ್ಷ ಹೊರಗಿದ್ದೂ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ ಅಥವಾ ತುಳು, ಬರೆದರೆ ಕನ್ನಡ ಲಿಪಿ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹಾಡು ಬರೆದುಕೊಟ್ಟ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ನಮ್ಮ ಧಾರವಾಡದ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರದೂ ಅದೇ. ಸಾಧನಕೇರಿಯ ಬೇಂದ್ರೆಯವರ ಮನೆಯಲ್ಲಿ ಮರಾಠಿ ಇತ್ತು. ಎರಡು ಮಾತು ಕಲಿತರೆ ಮಗುವಿನ ತಲೆ ಕೆಡುತ್ತದೆ ಎಂದು ನಿನಗೆ ಯಾರಾದರೂ ಹೇಳಿದರೆ ಈ ಮೂವರನ್ನು ತೋರಿಸು.

ಅಂದರೆ ಹುಕುಮಿನಿಂದ ಭಾಷೆ ಬರುವುದಿಲ್ಲ. ವೈಸರಾಯನ ಕೈಯಲ್ಲಿ ಆಗದ್ದು ನಿನ್ನ ಕೈಯಲ್ಲೂ ಆಗುವುದಿಲ್ಲ. “ಕನ್ನಡದಾಗ ಕೇಳು, ಇಲ್ಲಾಂದ್ರ ಬಿಸ್ಕೀಟ್ ಕೊಡೂದಿಲ್ಲ” ಎನ್ನುತ್ತೀಯಂತೆ, ನಿನ್ನ ಗಂಡ ನಗುತ್ತ ಹೇಳಿದರು. ಅದನ್ನು ಇವತ್ತೇ ನಿಲ್ಲಿಸು.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಆಮೇಲೆ ಇಲ್ಲಿ ತಾರಿಹಾಳದಲ್ಲಿ, ಒಟ್ಟು ಮೂವತ್ತೆಂಟು ವರ್ಷ ಲೇತಿನ ಮುಂದೆ ನಿಂತವನು. ಜನ ಮೇಸ್ತ್ರಿ ಎನ್ನುತ್ತಿದ್ದರು. ಆ ಮೇಸ್ತ್ರಿಯೂ ಪೋರ್ತುಗೀಜಿನ ಮೆಸ್ತ್ರೆ, ಗುರು ಎಂದು ಅರ್ಥವಂತೆ. ಇದು ತಿಳಿದದ್ದು ನಿವೃತ್ತನಾದ ಮೇಲೆ. ಮೊದಲೇ ತಿಳಿದಿದ್ದರೆ ಸ್ವಲ್ಪ ಎದೆ ಉಬ್ಬಿಸಿ ನಡೆಯುತ್ತಿದ್ದೆನೋ ಏನೋ. ನನ್ನ ಕೈಕೆಳಗೆ ಕಲಿತ ಹುಡುಗರು ಇಪ್ಪತ್ತಕ್ಕೆ ಕಡಿಮೆ ಇಲ್ಲ. ಒಬ್ಬನಿಗೂ ನಾನು ಪಾಠ ಹೇಳಲಿಲ್ಲ. ಮೊದಲ ಆರು ತಿಂಗಳು ಹುಡುಗ ಕಸ ಗುಡಿಸುತ್ತಾನೆ, ಚಹಾ ತರುತ್ತಾನೆ, ಪಕ್ಕದಲ್ಲಿ ನಿಲ್ಲುತ್ತಾನೆ. “ಹದಿನಾಲ್ಕರ ಪಾನಾ ಕೊಡು.” ಹನ್ನೆರಡರದು ಕೊಡುತ್ತಾನೆ. ನಾನು ಬೈಯುವುದಿಲ್ಲ, ಅದನ್ನು ಬದಿಗಿಟ್ಟು ಹದಿನಾಲ್ಕರದನ್ನು ನಾನೇ ಎತ್ತಿಕೊಳ್ಳುತ್ತೇನೆ. ಅವನು ನೋಡುತ್ತಾನೆ. ನಾಳೆ ಸರಿಯಾದದ್ದನ್ನೇ ಕೊಡುತ್ತಾನೆ. ಗುಡಿಸುತ್ತ ಗುಡಿಸುತ್ತ ಬೀಡು ಕಬ್ಬಿಣ ಪುಡಿಯಾಗಿ ಉದುರುತ್ತದೆ, ಸ್ಟೀಲು ಸುರುಳಿ ಸುರುಳಿಯಾಗಿ ಬರುತ್ತದೆ ಎಂದು ಅವನಿಗೆ ಗೊತ್ತಾಗಿರುತ್ತದೆ. ಒಂದು ದಿನ ನಾನು ಬೇರೆ ಕಡೆ ನೋಡುತ್ತಿರುವಾಗ “ಮೇಸ್ತ್ರೀ, ಟೂಲ್ ಮೊಂಡಾತು” ಎನ್ನುತ್ತಾನೆ. ದನಿ ಕೇಳಿಯೇ ತಿಳಿದನಲ್ಲ! ಅವತ್ತು ಅವನು ಕಲಿತ ಎಂದು ಲೆಕ್ಕ. ಪರೀಕ್ಷೆ ನಾನು ಇಟ್ಟಿರಲಿಲ್ಲ.

ನಿನ್ನ ಅಡುಗೆಮನೆಯೇ ನಿನ್ನ ವರ್ಕ್‌ಶಾಪು. ಇಲ್ಲಿಂದ ಒಯ್ದ ಜೋಳದ ಹಿಟ್ಟು ಇನ್ನೂ ಇದ್ದರೆ ಶನಿವಾರ ರೊಟ್ಟಿ ಬಡಿ, ಅವನನ್ನು ಪಕ್ಕದಲ್ಲಿ ಕುರ್ಚಿಯ ಮೇಲೆ ನಿಲ್ಲಿಸಿಕೋ. ಹಿಟ್ಟು ಕೊಡು, ನೀರು ಹಾಕು, ಹಂಚು ಸುಡುತ್ತದೆ ಮುಟ್ಟಬೇಡ, ನೋಡು ಉಬ್ಬಿತು, ತಿರುವಿ ಹಾಕಲೇನು? ಪೋರ್ತುಗೀಜಿನಲ್ಲಿ ರೊಟ್ಟಿಗೆ, ಹಂಚಿಗೆ, ಬಡಿಯುವುದಕ್ಕೆ ಮಾತಿಲ್ಲ, ಇದ್ದರೂ ಅವನಿಗೆ ಗೊತ್ತಿಲ್ಲ. ಆ ಕೆಲಸ ಕನ್ನಡದಲ್ಲೇ ಆಗಬೇಕು. ಅವನು “ಆಗ್ವಾ” ಎಂದರೆ ತಿಳಿಯದವಳ ಹಾಗೆ ನಟಿಸಬೇಡ. ಮಕ್ಕಳಿಗೆ ನಾಟಕ ಬೇಗ ಗೊತ್ತಾಗುತ್ತದೆ. “ನೀರು ಬೇಕೇನು? ತಣ್ಣಂದೋ, ಬೆಚ್ಚಂದೋ?” ಎಂದು ಕೇಳು. ಎರಡರಲ್ಲಿ ಒಂದನ್ನು ಆರಿಸಬೇಕಲ್ಲ, ಒಂದು ಮಾತು ಕನ್ನಡದಲ್ಲಿ ಬಂದೇ ಬರುತ್ತದೆ. ಬರದಿದ್ದರೂ ನೀರು ಕೊಡು. ಹನ್ನೆರಡರ ಪಾನಾ ಅಂದುಕೋ.

ನಾನು ಇಷ್ಟೆಲ್ಲ ಬುದ್ಧಿ ಹೇಳುವುದಕ್ಕೆ ಕಾರಣ ನನ್ನಿಂದಲೇ ಎರಡು ಸಲ ತಪ್ಪಾಗಿದೆ. ಒಂದು ನಿನಗೆ ಗೊತ್ತು. ನಿನ್ನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದಾಗ, ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಸಾಲಿಯವರು ಚೀಟಿ ಕಳಿಸಿದ್ದರು. ನಾನು ಅದನ್ನು ದೇವರ ಮಾತೆಂದು ತಿಳಿದು, ಬಂದಷ್ಟು ಇಂಗ್ಲಿಷಿನಲ್ಲಿ “ಈಟ್, ಸಿಟ್, ಸ್ಲೀಪ್” ಎಂದು ಶುರು ಮಾಡಿದೆ. ನಾಯಿಗೆ ಹೇಳಿದ ಹಾಗಿತ್ತು. ನಿಮ್ಮವ್ವ ಇಂಗ್ಲಿಷ್ ಬಾರದೆ ಬಾಯಿ ಕಟ್ಟಿಕೊಂಡು ಕುಳಿತಳು. ರಾತ್ರಿಯ ಕತೆಗಳು ನಿಂತವು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅವಳೇ ಸಿಡಿದಳು: “ನನ್ನ ಮಗಳ ಜೋಡಿ ನಾ ಮಾತಾಡಾಕ ಸಾಲಿ ಮಾಸ್ತರನ ಕೇಳಬೇಕೇನು?” ಅವತ್ತು ಆ ಚೀಟಿ ಒಲೆಗೆ ಹೋಯಿತು. ಅಲ್ಲಿ ನಿನಗೂ ಯಾರಾದರೂ ಅಂಥ ಸಲಹೆ ಕೊಟ್ಟರೆ, ಕೊಡುವವರು ಒಳ್ಳೆಯವರೇ ಇರುತ್ತಾರೆ, ನಕ್ಕು ತಲೆಯಾಡಿಸಿ ಮನೆಗೆ ಬಾ. ಹರಕು ಪೋರ್ತುಗೀಜಿನ ತಾಯಿಗಿಂತ ತುಂಬು ಕನ್ನಡದ ತಾಯಿ ಅವನಿಗೆ ಬೇಕು. ಪೋರ್ತುಗೀಜ್ ಕಲಿಸಲು ಇಡೀ ಲಿಸ್ಬನ್ ಇದೆ.

ಎರಡನೆಯದು ಹೇಳಲು ಸಂಕಟ. ಪುಣೆಯಲ್ಲಿರುವ ನಿನ್ನ ಅಣ್ಣನ ಮಗ ಸಣ್ಣವನಿದ್ದಾಗ ದೀಪಾವಳಿಗೆ ಬರುತ್ತಿದ್ದ. ಮರಾಠಿ, ಹಿಂದಿ ಚೆನ್ನಾಗಿತ್ತು, ಕನ್ನಡ ತೊದಲು. ನಾನು ಏನು ಮಾಡುತ್ತಿದ್ದೆ? ಬಂದ ಬೀಗರ ಮುಂದೆ ಅವನನ್ನು ನಿಲ್ಲಿಸಿ “ಹೇಳಪಾ, ಒಂದರಿಂದ ಇಪ್ಪತ್ತು ಎಣಿಸು” ಎಂದು ಕೇಳುತ್ತಿದ್ದೆ. ಅವನು ಒಂದು ಸಲ “ಹನ್ನೊಂದು” ಎನ್ನುವಲ್ಲಿ “ಹತ್ತೊಂದು” ಎಂದ. ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು, ನಾನೂ ನಕ್ಕೆ. ಯೋಚಿಸಿ ನೋಡಿದರೆ ಹುಡುಗ ಹೇಳಿದ್ದರಲ್ಲಿ ಲೆಕ್ಕ ಸರಿಯಾಗಿಯೇ ಇತ್ತು, ಹತ್ತು ಮತ್ತು ಒಂದು. ಅವನು ಕನ್ನಡವನ್ನು ಗಿಳಿಯ ಹಾಗೆ ಒಪ್ಪಿಸದೆ ತಾನೇ ಕಟ್ಟುತ್ತಿದ್ದ. ಅದನ್ನು ಕಾಣುವ ಕಣ್ಣು ನನಗಿರಲಿಲ್ಲ. ಮುಂದಿನ ದೀಪಾವಳಿಗೆ ಅವನು ನನ್ನ ಹತ್ತಿರ ಬರಲಿಲ್ಲ, ಫೋನು ಹಿಡಿದು ಮೇಲಿನ ಖೋಲಿಯಲ್ಲಿ ಕುಳಿತ. ಈಗ ಹದಿನಾರು ವರ್ಷ. ಎದುರಿಗೆ ಬಂದರೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾನೆ, “ಹಾಂ ಅಜ್ಜಾ, ಆರಾಮ” ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ವರ್ಕ್‌ಶಾಪಿನ ಹುಡುಗರ ಹತ್ತಿರ ಇದ್ದ ತಾಳ್ಮೆ ಸ್ವಂತ ಮೊಮ್ಮಗನ ಹತ್ತಿರ ಎಲ್ಲಿ ಹೋಗಿತ್ತು ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಆದ್ದರಿಂದ ಅಲ್ಲಿಗೆ ಕನ್ನಡದವರು ಊಟಕ್ಕೆ ಬಂದಾಗ ಹುಡುಗನನ್ನು ನಿಲ್ಲಿಸಿ ಪದ್ಯ ಹೇಳಿಸಬೇಡ. ತಪ್ಪಿದ್ದನ್ನು ಎಲ್ಲರೆದುರು ತಿದ್ದಬೇಡ.

ತಿದ್ದುವ ಮಾತು ಬಂದದ್ದಕ್ಕೆ ಇನ್ನೊಂದು. ಹೊರದೇಶಗಳಲ್ಲಿ ನಮ್ಮವರು ಕನ್ನಡ ಶಾಲೆಗಳನ್ನು ನಡೆಸುತ್ತಾರೆ, ದುಬೈನ ಕನ್ನಡ ಪಾಠಶಾಲೆಯ ಮಕ್ಕಳನ್ನು ನಾನು ಟೀವಿಯಲ್ಲಿ ನೋಡಿದ್ದೇನೆ, ಒಳ್ಳೆಯ ಕೆಲಸ. ನೀನು ಕಂಪ್ಯೂಟರಿನಲ್ಲಿ ಸೇರಿಸಿದ ವಾರದ ಕ್ಲಾಸೂ ನಡೆಯಲಿ. ಆದರೆ ಆ ಟೀಚರಮ್ಮ ಹುಡುಗನಿಗೆ “ಮಾಡಾಕತ್ತೇನಿ ಎನ್ನಬಾರದು, ಮಾಡುತ್ತಿದ್ದೇನೆ ಎನ್ನಬೇಕು” ಎಂದರಂತೆ. ನೀನು ಅದನ್ನು ಒಪ್ಪಿಕೊಂಡು ಮನೆಯಲ್ಲೂ ಪುಸ್ತಕದ ಹಾಗೆ ಮಾತಾಡಲು ಹೊರಟಿದ್ದೀಯಂತೆ. ಯಾರ ಮನೆಯಲ್ಲಿ ತಾಯಿ ಮಗನಿಗೆ “ನೀನು ಏನು ಮಾಡುತ್ತಿದ್ದೀಯೆ?” ಎಂದು ಕೇಳುತ್ತಾಳೆ? ನಿನಗೆ ಸಿಟ್ಟು ಬಂದಾಗ ಬರುವುದು ಹುಬ್ಬಳ್ಳಿಯ ಮಾತು, ಮುದ್ದು ಬಂದಾಗ ಬರುವುದೂ ಅದೇ. ಆ ಮಾತಿನಲ್ಲೇ ಹುಡುಗ ನಿನ್ನನ್ನು ಪೂರ್ತಿ ಕಾಣುತ್ತಾನೆ. ನಮ್ಮ ಅಳಿಯಂದಿರು ಮಂಡ್ಯದವರು, ಅವರದು “ಏನ್ ಮಾಡ್ತಾವ್ನೆ”, ನಿನ್ನದು “ಏನ್ ಮಾಡಾಕತ್ತಾನ”. ಎರಡೂ ಇರಲಿ. ಒಂದೇ ಮನೆಯಲ್ಲಿ ಎರಡು ಕನ್ನಡ ಸಿಗುವುದು ಪುಣ್ಯ. ನಿಮ್ಮ ಮದುವೆಯಲ್ಲಿ ಅವರ ಕಡೆಯವರು ನಮ್ಮ ಮಾತಿಗೆ, ನಮ್ಮವರು ಅವರ ಮಾತಿಗೆ ನಕ್ಕದ್ದು ಸಾಕು. ಮಾಡುತ್ತಿದ್ದೇನೆ ಎನ್ನುವುದು ಓದಲು ಕಲಿತ ಮೇಲೆ ತಾನೇ ಬರುತ್ತದೆ, ನನಗೆ ಬಂದ ಹಾಗೆ.

ಓದು ಬರಹಕ್ಕೆ ಅವಸರ ಮಾಡಬೇಡ. ಅಲ್ಲಿ ಆರಕ್ಕೆ ದೊಡ್ಡ ಸಾಲಿ ಶುರುವಾಗಿ ಅವರ ಅಕ್ಷರ ಕೈಗೆ ಕುಳಿತ ಮೇಲೆ ನಮ್ಮದನ್ನು ತಗೋ. ಆಗ ನಮ್ಮದು ಸುಲಭ ಎಂದು ಅವನಿಗೇ ಅನಿಸುತ್ತದೆ, ನುಡಿದ ಹಾಗೆ ಬರೆಯುತ್ತೇವಲ್ಲ. ಅಲ್ಲಿಯವರೆಗೆ ನೀನು ಓದಿ ಹೇಳು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು ಸ್ಟೋರಿವೀವರ್ ಎಂದು 2015ರಿಂದ ನಡೆಸುತ್ತಿದ್ದಾರೆ. ಅದರಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ದುಡ್ಡಿಲ್ಲದೆ ಸಿಗುತ್ತವೆ. ಚಿತ್ರ ಚೆನ್ನಾಗಿರುತ್ತವೆ, ನಾನೇ ಎರಡು ಓದಿದೆ.

ಅವನಿಗಿಂತ ಹೆಚ್ಚು ನನಗೆ ನೆನಪಾಗುವುದು ತೊಟ್ಟಿಲಲ್ಲಿರುವ ನಿನ್ನ ಸಣ್ಣ ಕೂಸು. ನಮ್ಮ ಮನೆಯಲ್ಲಿ ಎಲ್ಲರೂ, ಎಂಟು ತಿಂಗಳ ಕೂಸಿಗೆ ಏನು ತಿಳಿಯುತ್ತದೆ ಎನ್ನುತ್ತಾರೆ. ನೀನು ಕಳಿಸಿದ ಲೇಖನ ಓದಿ ನಾನು ಬೆರಗಾದೆ. ಅದರಲ್ಲಿ ಕೆನಡಾದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಎಂಬಿಬ್ಬರು 1984ರಲ್ಲಿ ಪ್ರಕಟಿಸಿದ ಪ್ರಯೋಗವಿತ್ತು. ಹಿಂದಿಯ ತ ಮತ್ತು ಟ ದನಿಗಳ ನಡುವಿನ ಭೇದವನ್ನು ಇಂಗ್ಲಿಷ್ ಮನೆಯ ಕೂಸುಗಳೂ ಆರೆಂಟು ತಿಂಗಳಲ್ಲಿ ಗುರುತಿಸುತ್ತವಂತೆ. ವರ್ಷ ತುಂಬುವ ಹೊತ್ತಿಗೆ ಅದು ಹೆಚ್ಚಿನವಕ್ಕೆ ಹೋಗಿಬಿಡುತ್ತದೆ, ಕೇಳಿಸುವುದೇ ಇಲ್ಲ. ಹಿಂದಿ ಮನೆಯ ಕೂಸುಗಳಿಗೆ ಉಳಿಯುತ್ತದೆ. ನಮ್ಮ ತಾಟು ಎನ್ನುವ ಒಂದು ಮಾತಿನಲ್ಲೇ ಎರಡೂ ದನಿ ಇವೆ ನೋಡು. ಪೋರ್ತುಗೀಜಿನಲ್ಲಿ ಆ ಟ ಇಲ್ಲ. ಹಾಗಾಗಿ ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ಆ ಕೂಸಿನ ಜೊತೆ ಬಾಯಿ ತುಂಬ ಮಾತಾಡು.

ಮತ್ತೆ ಆ ಯೂಟ್ಯೂಬ್ ಹಾಡುಗಳನ್ನು ಹಚ್ಚಿಟ್ಟು ಕನ್ನಡ ಕಿವಿಗೆ ಬೀಳಲಿ ಎಂದು ನೀನು ಅಡುಗೆಗೆ ಹೋಗುವುದು. ಅದೇ ಲೇಖನದಲ್ಲಿ ಅಮೆರಿಕದ ಪೆಟ್ರೀಶಿಯಾ ಕೂಲ್ ಅವರ 2003ರ ಪ್ರಯೋಗವೂ ಇತ್ತಲ್ಲ. ಒಂಬತ್ತು ತಿಂಗಳ ಕೂಸುಗಳ ಎದುರು ಮನುಷ್ಯರು ಕುಳಿತು 12 ಸಲ ಚೀನಿ ಮಾತಾಡಿದರೆ ಅವು ಆ ದನಿಗಳನ್ನು ಹಿಡಿದವು. ಅದೇ ಮಾತನ್ನು ಟೀವಿಯಲ್ಲಿ ತೋರಿಸಿದರೆ ಏನೂ ಹಿಡಿಯಲಿಲ್ಲ. ಫೋನಿನಲ್ಲಿ ನಾವು ಮುಖ ನೋಡಿ ಮಾತಾಡುವುದು ಬೇರೆ, ಅಲ್ಲಿ ಕೇಳಿದ್ದಕ್ಕೆ ಉತ್ತರ ಬರುತ್ತದೆ. ಆದರೆ ಅದರಲ್ಲೂ ನಮ್ಮ ತಪ್ಪಿದೆ. “ಊಟ ಆತೇನು? ಸಾಲಿಗೆ ಹೋಗಿದ್ದೇನು? ಅಜ್ಜಿಗೆ ಮುತ್ತು ಕೊಡು.” ಪ್ರತಿ ವಾರ ಇದೇ ಮೂರು. ಆ ಹುಡುಗ ಓಡಿಹೋಗದೆ ಏನು ಮಾಡಿಯಾನು?

ನಿನ್ನ ಕೆಳಗಿನ ಮನೆಯ ಮುದುಕಿಯ ಕತೆ ಹೇಳಿದ್ದೆಯಲ್ಲ, ಅದು ನನ್ನ ತಲೆಯಲ್ಲಿ ಕುಳಿತಿದೆ. ಅವಳ ಗಂಡ 60ರ ದಶಕದಲ್ಲಿ ಬಡತನಕ್ಕೆ, ಆಫ್ರಿಕದ ಯುದ್ಧಕ್ಕೆ ಹೆದರಿ ಫ್ರಾನ್ಸಿಗೆ ಓಡಿದವನು, ಲಕ್ಷಗಟ್ಟಲೆ ಪೋರ್ತುಗೀಜರು ಹಾಗೆ ಹೋದರು. ಈಗ ಮಗ, ಮೊಮ್ಮಕ್ಕಳು ಪ್ಯಾರಿಸಿನಲ್ಲೇ. ಅವರ ಸರಕಾರ ಕಮೋಯ್ಸ್ ಎಂಬ ಸಂಸ್ಥೆಯಿಂದ ಹೊರದೇಶಗಳಲ್ಲಿ ಪೋರ್ತುಗೀಜ್ ಪಾಠ ನಡೆಸುತ್ತದೆ. ಆದರೂ ಮುದುಕಿ ಹೇಳಿದ್ದೇನು? ಮಕ್ಕಳು ಮಾತು ಕಲಿಯುವುದು ಆಗಸ್ಟಿನಲ್ಲಿ, ಊರಿಗೆ ಬಂದು ಕೋಳಿಗಳ ಹಿಂದೆ ಓಡುವಾಗ. ಅವಳು ನಿನ್ನ ಮಗನ ಜೊತೆ ಪೋರ್ತುಗೀಜ್ ಆಡಿ ಮೊಮ್ಮಕ್ಕಳ ನೆನಪು ತೀರಿಸಿಕೊಳ್ಳುತ್ತಾಳೆ, ನಾನು ಇಲ್ಲಿ ಬಿಹಾರಿ ಹುಡುಗರ ಜೊತೆ ಕನ್ನಡ ಆಡುತ್ತೇನೆ. ಅವಳಿಗೆ ನನ್ನ ನಮಸ್ಕಾರ ಹೇಳು. ನೀವೂ ಎರಡು ವರ್ಷಕ್ಕೊಮ್ಮೆ ಹದಿನೈದು ದಿನ ಬಂದು, ಅದರಲ್ಲಿ ಹತ್ತು ದಿನ ಮದುವೆ ಮುಂಜಿವೆ ಎಂದು ತಿರುಗುವುದನ್ನು ಬಿಡಿ. ಅಲ್ಲಿಯ ಬೇಸಿಗೆಯಲ್ಲಿ ಅವರ ಸಾಲಿಗೆ ಉದ್ದನೆಯ ರಜೆ ಇದೆ, ಇಲ್ಲಿ ಆಗ ಮಳೆ ಬಿದ್ದು ಹೊಲದಲ್ಲಿ ಹೆಸರು, ಶೇಂಗಾ ಎದ್ದಿರುತ್ತದೆ. ಹುಡುಗನನ್ನು ಆರು ವಾರ ಇಲ್ಲಿ ಬಿಡು. ಎರೆಮಣ್ಣಿನಲ್ಲಿ ಕಾಲು ಹೂತುಕೊಂಡರೆ ಯಾವ ಭಾಷೆಯಲ್ಲಿ ಕೂಗುತ್ತಾನೆ ನೋಡೋಣ.

ಈ ಭಾನುವಾರ ನಿಮ್ಮ ಬೆಳಗಿನ ಹತ್ತಕ್ಕೆ, ನಮ್ಮ ಮಧ್ಯಾಹ್ನ ಮೂರೂವರೆಗೆ, ಫೋನು ಹಚ್ಚು. ಊಟದ ಮಾತು ಕೇಳುವುದಿಲ್ಲ. ಮೊನ್ನೆ ಬುಧವಾರ ನಮ್ಮ ಕೆಂದಾಕಳು ಈದಿದೆ. ಹೋರಿಗರ, ಹಣೆಯಲ್ಲಿ ಬಿಳಿ ಬೊಟ್ಟು, ಒಂದು ಕಿವಿ ಜೋತಿದೆ. ನಿಮ್ಮವ್ವ ಬಸವ ಎಂದು ಕರೆಯಲು ಶುರು ಮಾಡಿದ್ದಳು, ನಾನು ತಡೆದಿದ್ದೇನೆ. ಹೆಸರಿಡುವವನು ಲಿಸ್ಬನ್ನಿನಲ್ಲಿದ್ದಾನೆ ಎಂದು ಹೇಳಿದ್ದೇನೆ. ಗೋದಲಿಯ ಹತ್ತಿರವೇ ಫೋನು ಒಯ್ಯುತ್ತೇನೆ. ಅದರ ಕಿವಿ ಯಾಕೆ ಹಾಗಿದೆ ಎಂದು ಅವನು ಕೇಳಬಹುದು, ಯಾವ ಮಾತಿನಲ್ಲಿ ಕೇಳಿದರೂ ಸರಿ. ನೀನು ಮಾತ್ರ ಹಿಂದೆ ನಿಂತು ಹೇಳಿಕೊಡಬೇಡ.